ಎಮ್ಮಿ ಹಾಸ್ಯ ಕಿರೀಟ: ಗೆಲ್ಲುವ ಧಾರಾವಾಹಿಯನ್ನು ಊಹಿಸುವುದು ಹೇಗೆ?

ಚಲನಚಿತ್ರರಂಗಕ್ಕೆ ಆಸ್ಕರ್ ಹೇಗೋ, ಅಮೆರಿಕದ ಕಿರುತೆರೆಗೆ ಎಮ್ಮಿ ಹಾಗೆ. 1949ರಲ್ಲಿ ಆರಂಭಗೊಂಡ ಈ ಪ್ರಶಸ್ತಿಗಳ ಪೈಕಿ ಅತ್ಯುತ್ತಮ ಹಾಸ್ಯ ಧಾರಾವಾಹಿ ಯಾವುದಾದೀತು ಎಂದು ಪ್ರತಿ ವರ್ಷವೂ ಭವಿಷ್ಯ ನುಡಿಯುವವರಿಗೆ ಕೊರತೆಯಿಲ್ಲ. ಹೆಚ್ಚು ನಾಮನಿರ್ದೇಶನ ಪಡೆದದ್ದೇ ಗೆಲ್ಲುತ್ತದೆ ಎಂಬುದು ಇವರಲ್ಲಿ ಬಹುತೇಕರ ಸರಳ ಲೆಕ್ಕ. 2024ರ ಸೆಪ್ಟೆಂಬರ್ 15ರಂದು ಆ ಲೆಕ್ಕ ತಲೆಕೆಳಗಾಯಿತು. ಹಾಸ್ಯ ವಿಭಾಗದಲ್ಲಿ ದಾಖಲೆಯ 23 ನಾಮನಿರ್ದೇಶನ ಪಡೆದಿದ್ದ ‘ದಿ ಬೇರ್’ 11 ಪ್ರಶಸ್ತಿಗಳನ್ನು ಬಾಚಿಕೊಂಡರೂ ಮುಖ್ಯ ಕಿರೀಟ ‘ಹ್ಯಾಕ್ಸ್’ ಪಾಲಾಯಿತು.

ಪ್ರಶಸ್ತಿಯ ಬೆಲೆ

ಇದು ಕೇವಲ ಪ್ರತಿಷ್ಠೆಯ ಪ್ರಶ್ನೆಯಲ್ಲ. ಎನ್‌ಬಿಸಿ ವಾಹಿನಿಯಲ್ಲಿ 1982ರಲ್ಲಿ ಆರಂಭವಾದ ‘ಚಿಯರ್ಸ್’ ಮೊದಲ ವರ್ಷ ವೀಕ್ಷಕರ ಸಂಖ್ಯೆಯಲ್ಲಿ ತಳ ಕಂಡಿತ್ತು. 1983ರಲ್ಲಿ ಎಮ್ಮಿ ಒಲಿಯಿತು. ವಾಹಿನಿ ಕೈಬಿಡದ ಕಾರಣ ಅದು 1993ರವರೆಗೆ 11 ಆವೃತ್ತಿಗಳನ್ನು ಪೂರೈಸಿತು. ಇದಕ್ಕೆ ವಿರುದ್ಧ ನಿದರ್ಶನವೂ ಇದೆ. 2004ರಲ್ಲಿ ಗೆದ್ದ ‘ಅರೆಸ್ಟೆಡ್ ಡೆವಲಪ್‌ಮೆಂಟ್’ ವೀಕ್ಷಕರ ಕೊರತೆಯಿಂದ 2006ರಲ್ಲಿ ಫಾಕ್ಸ್ ವಾಹಿನಿಯಲ್ಲಿ ನಿಂತುಹೋಯಿತು. 2013ರಲ್ಲಿ ನೆಟ್‌ಫ್ಲಿಕ್ಸ್ ಅದಕ್ಕೆ ಮರುಜೀವ ನೀಡಬೇಕಾಯಿತು.

ಮತದಾರರು ಯಾರು?

ವಿಜೇತರನ್ನು ಆರಿಸುವವರು ಪ್ರೇಕ್ಷಕರಲ್ಲ, ಟೆಲಿವಿಷನ್ ಅಕಾಡೆಮಿಯ ಸದಸ್ಯರು. ನಟರು, ಲೇಖಕರು, ನಿರ್ದೇಶಕರು, ಸಂಕಲನಕಾರರು, ಛಾಯಾಗ್ರಾಹಕರು ಹೀಗೆ ಎಲ್ಲ ಕಸುಬಿನವರೂ ಇಲ್ಲಿದ್ದು, ಸದಸ್ಯಬಲ 20 ಸಾವಿರವನ್ನು ಮೀರಿದೆ. ಮೊದಲು ಅಂತಿಮ ಆಯ್ಕೆ ಸಣ್ಣ ತೀರ್ಪುಗಾರ ಸಮಿತಿಗಳ ಕೈಯಲ್ಲಿತ್ತು. 2015ರಿಂದ ಅದು ವ್ಯಾಪಕ ಮತದಾನಕ್ಕೆ ತೆರೆದುಕೊಂಡಿತು. ಜೂನ್ 1ರಿಂದ ಮರುವರ್ಷದ ಮೇ 31ರವರೆಗೆ ಪ್ರಸಾರವಾದ ಕಾರ್ಯಕ್ರಮಗಳು ಸ್ಪರ್ಧೆಗೆ ಅರ್ಹ.

ನಾಮನಿರ್ದೇಶನಗಳ ಸಂಖ್ಯೆ ದಾರಿತಪ್ಪಿಸುವುದು ಇಲ್ಲಿಯೇ. ಧ್ವನಿ, ಸಂಕಲನ, ಅತಿಥಿ ಕಲಾವಿದರಂತಹ ಹಲವು ವಿಭಾಗಗಳ ಮೊತ್ತ ಅದು. ಧಾರಾವಾಹಿಯ ಮೇಲಿನ ಗೌರವ ಎಷ್ಟು ವಿಸ್ತಾರವಾಗಿದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಒಟ್ಟು ಕೃತಿಯ ಮೇಲಿನ ಒಲವು ಎಷ್ಟು ಗಾಢ ಎಂಬುದನ್ನಲ್ಲ.

ಗೋಲ್ಡನ್ ಗ್ಲೋಬ್ ಎಂಬ ಹುಸಿ ಸೂಚಕ

ವರ್ಷಾರಂಭದ ಗೋಲ್ಡನ್ ಗ್ಲೋಬ್ ಪ್ರಶಸ್ತಿಯನ್ನು ಹಲವರು ಮುನ್ಸೂಚನೆಯೆಂದು ನಂಬುತ್ತಾರೆ. ದಾಖಲೆ ಬೇರೆಯದನ್ನೇ ಹೇಳುತ್ತದೆ. 2021ರಲ್ಲಿ ಗ್ಲೋಬ್ ಪಡೆದದ್ದು ‘ಶಿಟ್ಸ್ ಕ್ರೀಕ್’, ಎಮ್ಮಿ ಪಡೆದದ್ದು ‘ಟೆಡ್ ಲಾಸೊ’. 2022ರಲ್ಲಿ ಗ್ಲೋಬ್ ‘ಹ್ಯಾಕ್ಸ್’ಗೆ ಸಂದರೆ ಎಮ್ಮಿ ಮತ್ತೆ ‘ಟೆಡ್ ಲಾಸೊ’ಗೆ ಸಂದಿತು. 2025ರಲ್ಲಿ ಗ್ಲೋಬ್ ಗೆದ್ದ ‘ಹ್ಯಾಕ್ಸ್’ ಎಮ್ಮಿಯಲ್ಲಿ ‘ದಿ ಸ್ಟುಡಿಯೊ’ ಎದುರು ಸೋತಿತು. ಗ್ಲೋಬ್ ಗಣಿಸುವುದು ಕ್ಯಾಲೆಂಡರ್ ವರ್ಷವನ್ನು. ಹೀಗಾಗಿ ಅದು ಅನೇಕ ಬಾರಿ ಮುಂದಿನ ಎಮ್ಮಿಯ ಮುನ್ನುಡಿಯಾಗದೆ ಹಿಂದಿನ ಎಮ್ಮಿಯ ಪ್ರತಿಧ್ವನಿಯಾಗುತ್ತದೆ.

ಹಾಲಿ ವಿಜೇತರ ಬಲ, ದೌರ್ಬಲ್ಯ

ದಶಕಗಳ ಕಾಲ ಅತ್ಯಂತ ನಂಬಲರ್ಹ ಸೂತ್ರವೆಂದರೆ ಮತದಾರರ ಅಭ್ಯಾಸಬಲ. ‘ಫ್ರೇಜರ್’ 1994ರಿಂದ 1998ರವರೆಗೆ, ‘ಮಾಡರ್ನ್ ಫ್ಯಾಮಿಲಿ’ 2010ರಿಂದ 2014ರವರೆಗೆ ಸತತ ಐದು ಬಾರಿ ಗೆದ್ದವು. ‘30 ರಾಕ್’ ಮತ್ತು ‘ವೀಪ್’ ತಲಾ ಮೂರು ಬಾರಿ ಸತತವಾಗಿ ಗೆದ್ದವು. ಇನ್ನೊಂದೆಡೆ ಜನಪ್ರಿಯತೆಯ ತುತ್ತತುದಿ ಏರಿದ್ದ ‘ಸೈನ್‌ಫೆಲ್ಡ್’ಗೆ ಈ ಗೌರವ ದಕ್ಕಿದ್ದು 1993ರಲ್ಲಿ ಒಮ್ಮೆ ಮಾತ್ರ.

ಆದರೆ ಈ ಸೂತ್ರವೂ ಸಡಿಲಗೊಂಡಿದೆ. 2023ನೇ ಸಾಲಿನಲ್ಲಿ ‘ಟೆಡ್ ಲಾಸೊ’, 2024ರಲ್ಲಿ ‘ದಿ ಬೇರ್’, 2025ರಲ್ಲಿ ‘ಹ್ಯಾಕ್ಸ್’ ಹೀಗೆ ಸತತ ಮೂರು ಬಾರಿ ಹಾಲಿ ವಿಜೇತರು ಕಣದಲ್ಲಿದ್ದೂ ಸೋತರು.

2024ರ ಪಾಠ

‘ದಿ ಬೇರ್’ ಸೋಲಿನಲ್ಲಿ ಕಾಲದ ಪಾತ್ರ ಗಮನಾರ್ಹ. ಸ್ಪರ್ಧೆಯಲ್ಲಿದ್ದದ್ದು 2023ರ ಜೂನ್‌ನಲ್ಲಿ ಬಂದ ಎರಡನೇ ಆವೃತ್ತಿ. ಅಂತಿಮ ಮತದಾನ ನಡೆದದ್ದು 2024ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ತೆರೆಕಂಡಿದ್ದ ಮೂರನೇ ಆವೃತ್ತಿಗೆ ಮಿಶ್ರ ಪ್ರತಿಕ್ರಿಯೆ ದೊರೆತಿತ್ತು. ‘ಹ್ಯಾಕ್ಸ್’ನ ಮೂರನೇ ಆವೃತ್ತಿಯಾದರೋ ಮೇ ತಿಂಗಳಿನಲ್ಲಷ್ಟೇ ಪ್ರಸಾರವಾಗಿ ಮತದಾರರ ನೆನಪಿನಲ್ಲಿ ಹಸಿರಾಗಿತ್ತು.

ಇದಕ್ಕಿಂತ ಮೂಲಭೂತವಾದ ಪ್ರಶ್ನೆ, ‘ದಿ ಬೇರ್’ ನಿಜಕ್ಕೂ ಹಾಸ್ಯವೇ ಎಂಬುದು. ಶಿಕಾಗೊದ ಅಡುಗೆಮನೆಯೊಂದರ ದುಃಖ, ಒತ್ತಡಗಳ ಕಥೆ ಹಾಸ್ಯ ವಿಭಾಗದಲ್ಲಿ ಸ್ಪರ್ಧಿಸಿದ್ದನ್ನು ಸಮಾರಂಭದ ನಿರೂಪಕರೇ ವೇದಿಕೆಯಲ್ಲಿ ಲೇವಡಿ ಮಾಡಿದ್ದರು. ಹಾಸ್ಯ ಕಲಾವಿದೆಯೊಬ್ಬಳ ಬದುಕನ್ನು ಹೇಳುವ ‘ಹ್ಯಾಕ್ಸ್’ ಕುರಿತು ಅಂತಹ ಅನುಮಾನವೇ ಇರಲಿಲ್ಲ. ಮೇಲಾಗಿ ಅದು ಮತದಾರರ ಸ್ವಂತ ಕಸುಬಿನ ಕಥೆ. 2025ರಲ್ಲಿ 13 ಪ್ರಶಸ್ತಿಗಳೊಂದಿಗೆ ಹಾಸ್ಯ ಧಾರಾವಾಹಿಗಳ ದಾಖಲೆ ಬರೆದ ‘ದಿ ಸ್ಟುಡಿಯೊ’ ಕೂಡ ಹಾಲಿವುಡ್‌ನದೇ ವಿಡಂಬನೆ. ಹಾಗೆಂದು ಇದೂ ಖಚಿತ ಸೂತ್ರವಲ್ಲ. ತಡರಾತ್ರಿಯ ಮಾತುಕತೆ ಕಾರ್ಯಕ್ರಮವನ್ನು ಕುರಿತ, ವಿಮರ್ಶಕರು ಮೆಚ್ಚಿದ ‘ದಿ ಲ್ಯಾರಿ ಸ್ಯಾಂಡರ್ಸ್ ಶೋ’ಗೆ ಈ ಪ್ರಶಸ್ತಿ ಒಮ್ಮೆಯೂ ಒಲಿಯಲಿಲ್ಲ.

ಭಾರತೀಯರ ಗಮನಕ್ಕೆ

2023ರಲ್ಲಿ ವೀರ್ ದಾಸ್ ಅವರ ‘ಲ್ಯಾಂಡಿಂಗ್’ ಹಾಸ್ಯ ವಿಭಾಗದಲ್ಲಿ ಪಡೆದದ್ದು ಅಂತರರಾಷ್ಟ್ರೀಯ ಎಮ್ಮಿ. ಅದನ್ನು ನೀಡುವ ಸಂಸ್ಥೆ ಬೇರೆ, ಮತದಾನದ ವಿಧಾನವೂ ಬೇರೆ. ಇಲ್ಲಿನ ಲೆಕ್ಕಾಚಾರ ಅದಕ್ಕೆ ಅನ್ವಯಿಸದು.

ಒಟ್ಟಾರೆ, ಊಹಿಸಬಯಸುವವರು ನಾಮನಿರ್ದೇಶನಗಳನ್ನು ಎಣಿಸುವುದಕ್ಕಿಂತ ಮೂರು ಪ್ರಶ್ನೆ ಕೇಳಿಕೊಳ್ಳುವುದು ಲೇಸು. ಹಳೆಯ ವಿಜೇತರು ಕಣದಲ್ಲಿದ್ದಾರೆಯೇ? ಆಗಸ್ಟ್‌ನಲ್ಲಿ ಮತದಾರರು ಯಾವ ಧಾರಾವಾಹಿಯ ಮಾತಾಡುತ್ತಿದ್ದಾರೆ? ಅದು ಅವರನ್ನು ನಗಿಸಿದೆಯೇ? ಕೊನೆಯ ಪ್ರಶ್ನೆ ತೀರಾ ಸರಳವೆನಿಸಬಹುದು. 2024ರಲ್ಲಿ ಪಂಡಿತರು ಮರೆತದ್ದು ಅದನ್ನೇ.