ಡಬ್ಬದ ಮೇಲಿನ ಒಂಬತ್ತುಗಳು

ಹೊಸಬಾಳೆಯ ನಮ್ಮ ಮನೆಗೆ ವಿಡಿಯೋ ಗೇಮು ಬಂದದ್ದು 1990ರ ದಶಕದ ನಡುವಿನ ಒಂದು ಶಿರಸಿ ಜಾತ್ರೆಯಿಂದ. ಎರಡು ವರ್ಷಕ್ಕೊಮ್ಮೆ ಬರುವ ಆ ಮಾರಿಜಾತ್ರೆಗೆ ಸೊರಬದ ಕಡೆಯವರು ಹೋಗಿ ಬಳೆ, ಬೆಂಡು ಬತ್ತಾಸು ತರುವುದು ವಾಡಿಕೆ. ಆ ಸಲ ನನ್ನ ಕಾಟ ತಾಳಲಾರದೆ ಅಪ್ಪಯ್ಯ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಡಬ್ಬ ಕೊಡಿಸಿದ. ಅದರ ಕ್ಯಾಸೆಟ್ಟಿನ ಮೇಲೆ ಸಾಲಾಗಿ ಆರು ಒಂಬತ್ತುಗಳು. ಹತ್ತು ಲಕ್ಷಕ್ಕೆ ಒಂದೇ ಕಡಿಮೆ! ದಿನಕ್ಕೊಂದು ಆಡಿದರೂ 2700 ವರ್ಷಕ್ಕೆ ಮಿಕ್ಕಿ ಬೇಕು. ಬಸ್ಸಿನಲ್ಲಿ ಬರುವಾಗಲೇ ಈ ಲೆಕ್ಕ ಮಾಡಿ ಮುಗಿಸಿದ್ದೆ.

ಜೋಗದ ಮಗ್ಗುಲಲ್ಲೇ ಇದ್ದರೂ ಕರೆಂಟಿಗೆ ಕಾಯುವ ಊರು ನಮ್ಮದು. ಇದ್ದಷ್ಟು ಹೊತ್ತು ಆಡಿ, ಆಟದ ಹೆಸರುಗಳನ್ನು ಪಟ್ಟಿಯಲ್ಲಿ ಬರೆದುಕೊಂಡೆ. ಇಪ್ಪತ್ತಮೂರಕ್ಕೆ ಪಟ್ಟಿ ನಿಂತಿತು. ಇಪ್ಪತ್ತನಾಲ್ಕನೆಯದು ಮೊದಲನೆಯದೇ, ಎರಡನೇ ಹಂತದಿಂದ ಶುರುವಾಗುತ್ತಿತ್ತು, ಅಷ್ಟೆ. ಮುಂದೆಲ್ಲ ಹಾಗೇ. ಊಟಕ್ಕೆ ಕೂತಾಗ ಅಪ್ಪಯ್ಯ, "ಚೊಲೋ ಇದ್ದಾ?" ಎಂದ. "ಚೊಲೋ ಇದ್ದು" ಎಂದೆ. ಕೊಟ್ಟ ದುಡ್ಡು ಎಷ್ಟೆಂದು ನಾನು ಕಣ್ಣಾರೆ ನೋಡಿದ್ದೆ.

ಆ ಡಬ್ಬ ಜಪಾನಿನ ಫ್ಯಾಮಿಕಾಂ ಎಂಬ ಯಂತ್ರದ ನಕಲು ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುತ್ತ ಹುಟ್ಟಿದ ನಿಂಟೆಂಡೋ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1983ರ ಜುಲೈ 15ರಂದು. ಅದೇ ವರ್ಷ ಅಮೆರಿಕದಲ್ಲಿ ವಿಡಿಯೋ ಗೇಮಿನ ವ್ಯಾಪಾರ ನೆಲಕಚ್ಚಿತ್ತು. ಭಾರೀ ಪ್ರಚಾರದೊಂದಿಗೆ ಬಂದ 'ಇ.ಟಿ.' ಆಟದ ಮಾರಾಟವಾಗದ ಕ್ಯಾಸೆಟ್ಟುಗಳನ್ನು ಅಟಾರಿ ಕಂಪನಿ ಅಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತಿತು. 2014ರಲ್ಲಿ ಅಗೆದಾಗ ಅವು ಸಿಕ್ಕವು ಕೂಡ.

ಹೀಗೆ ಬೆಂದ ಅಂಗಡಿಯವರು 1985ರಲ್ಲಿ ನಿಂಟೆಂಡೋ ಬಂದಾಗ ವಿಡಿಯೋ ಗೇಮು ಎಂದರೆ ಬಾಗಿಲು ಹಾಕುವಂತಿದ್ದರು. ಕಂಪನಿ ಒಂದು ಉಪಾಯ ಹೂಡಿತು. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ಒಂದು ರೋಬಾಟನ್ನಿಟ್ಟು, ಇದು ಆಟಿಕೆ ಎಂದಿತು. ಜಾಹೀರಾತಿನಲ್ಲಿ ಮೆರೆದ ಆ ರೋಬಾಟು ಕೆಲಸಕ್ಕೆ ಬಂದದ್ದು ಎರಡೇ ಎರಡು ಆಟಗಳಿಗೆ. ಬಲುಬೇಗ ಅದು ಮೂಲೆ ಸೇರಿತು. ಯಂತ್ರ ಮಾತ್ರ ಜಗತ್ತಿನಾದ್ಯಂತ ಆರು ಕೋಟಿಗೂ ಮೀರಿ ಮಾರಾಟವಾಯಿತು. ಜಪಾನಿನಲ್ಲಿ 2003ರವರೆಗೂ ತಯಾರಾಯಿತು.

ಅದು ಉಳಿದದ್ದು ಮಾರಿಯೋನಂಥ ಆಟಗಳಿಂದ. ಯಂತ್ರದ ಕೆಲಸದ ಮೆಮೊರಿ ಬರೀ 2 ಕಿಲೋಬೈಟು. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಇಡೀ ಆಟ 40 ಕಿಲೋಬೈಟು. ಜಾಗ ಸಾಲದ್ದಕ್ಕೆ ಆಕಾಶದ ಮೋಡದ ಚಿತ್ರವನ್ನೇ ಹಸಿರು ಬಳಿದು ನೆಲದ ಪೊದೆಯಾಗಿಸಿದರು. ನಾನು ಅದೆಷ್ಟು ಸಂಜೆ ಆ ಪೊದೆಗಳ ಮುಂದೆ ಓಡಿದ್ದೇನೋ, ಒಮ್ಮೆಯೂ ಗೊತ್ತಾಗಲಿಲ್ಲ. ಇದ್ದದ್ದನ್ನೇ ಮತ್ತೆ ತೋರಿಸಿದ್ದು ಇಬ್ಬರೂ. ಒಬ್ಬರು ಅದರಿಂದ ಒಂದು ಲೋಕ ಕಟ್ಟಿದರು; ಇನ್ನೊಬ್ಬರು ಒಂಬತ್ತುಗಳನ್ನು ಹೆಚ್ಚಿಸಿದರು.

ಹಾಗಾದರೆ ಅದು ಹೇಳಿದಷ್ಟಿತ್ತೇ ಎಂದು ಯಾರಾದರೂ ಕೇಳಿದರೆ, ಇಪ್ಪತ್ತಮೂರೇ ಆಟ ಎಂದು ಹೇಳಿ ಮಾರಿದ್ದರೂ ಕೊಂಡುಕೊಳ್ಳಬಹುದಾಗಿತ್ತು ಎನ್ನುತ್ತೇನೆ. ಎರಡು ಮಳೆಗಾಲ ನಮ್ಮ ಜಗಲಿ ತುಂಬ ಮಕ್ಕಳಿರುತ್ತಿದ್ದರು. ಎಷ್ಟು ಆಟವೋ ಎಂದು ಕೇಳಿದವರಿಗೆಲ್ಲ, "ಇನ್ನೂ ಎಣಿಸುತ್ತಿದ್ದೇನೆ" ಎನ್ನುತ್ತಿದ್ದೆ. ಪಟ್ಟಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೆ.

ಅಪ್ಪಯ್ಯ ನನ್ನ ಮಾತು ನಂಬಿ ನೆರೆಯವರಿಗೆ ಹೇಳಿದ. ಮುಂದಿನ ಜಾತ್ರೆಯಲ್ಲಿ ಊರಿನ ಇನ್ನೆರಡು ಮನೆಯವರು ಅದೇ ಡಬ್ಬ ತಂದರು. ಅದರಲ್ಲೊಂದು ಮನೆ ಗೇಣಿ ಜಮೀನಿನವರದು, ನಮಗಿಂತ ಬಡವರು. ಆ ಮನೆಯ ಹುಡುಗ ವಾರದ ಮೇಲೆ ಸಿಕ್ಕಾಗ ನಾನೇ ಕೇಳಿದೆ, ಹೇಗಿದೆ ಎಂದು. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಚಲೋ ಐತಿ" ಎಂದ.