ಕೃಷ್ಣೆಯ ದಂಡೆಯ ಸೂಫಿ ದನಿ: ಬೀಸುಕಲ್ಲಿನಿಂದ ಬೆಳ್ಳಿತೆರೆಗೆ

2020ರ ಜುಲೈ 3ರಂದು ‘ಸೂಫಿಯುಂ ಸುಜಾತಯುಂ’ ಎಂಬ ಮಲಯಾಳಂ ಚಿತ್ರ ಥಿಯೇಟರಿಗೆ ಬಾರದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾಯಿತು. ಕೊರೊನಾದಿಂದ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಕಾಲವದು. ಮಾತು ಬಾರದ ನರ್ತಕಿಯೊಬ್ಬಳು ಸೂಫಿ ತರುಣನೊಬ್ಬನಿಗೆ ಮನಸೋಲುವ ಈ ಕಥೆಯನ್ನು ನಿರ್ದೇಶಿಸಿದವರು ನರಣಿಪ್ಪುಳ ಷಾನವಾಸ್. ಹಾಡುಗಳಿಗೆ ರಾಗ ಹಾಕಿದವರು ಎಂ. ಜಯಚಂದ್ರನ್. ಬಿ.ಕೆ. ಹರಿನಾರಾಯಣನ್ ಬರೆದ ‘ವಾತಿಕ್ಕಲು ವೆಳ್ಳರಿಪ್ರಾವು’ ಹಾಡನ್ನು ನಿತ್ಯಾ ಮಾಮ್ಮನ್, ಅರ್ಜುನ್ ಕೃಷ್ಣ ಮತ್ತು ಝಿಯಾ ಉಲ್ ಹಕ್ ಹಾಡಿದರು. ಆ ವರ್ಷದ ಕೇರಳ ರಾಜ್ಯ ಪ್ರಶಸ್ತಿ ಜಯಚಂದ್ರನ್ ಅವರಿಗೂ ನಿತ್ಯಾ ಅವರಿಗೂ ಬಂತು. ಮಲಯಾಳಂ ಬಾರದ ಕನ್ನಡಿಗರೂ ಈ ಹಾಡನ್ನು ಮತ್ತೆ ಮತ್ತೆ ಕೇಳಿದರು.

ಕನ್ನಡದಲ್ಲಿ ಇಂಥದೊಂದು ಪ್ರೇಮಚಿತ್ರ ಮಾಡಹೊರಟರೆ ಸಂಗೀತ ನಿರ್ದೇಶಕ ಸೂಫಿ ದನಿಯನ್ನು ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ಅಜ್ಮೀರಕ್ಕೋ ಲಾಹೋರಿಗೋ ಹೋಗಬೇಕಾಗಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ಗಡಿ ತಾಲ್ಲೂಕುಗಳ ಸುತ್ತ ಐನೂರು ವರ್ಷಗಳಿಂದ ಈ ದನಿ ಬೆಳೆದುಬಂದಿದೆ. ಒಂದು ಮಗ್ಗುಲಿಗೆ ವಿಜಯಪುರ, ಇನ್ನೊಂದು ಮಗ್ಗುಲಿಗೆ ಮಿರಜ, ಪಡುವಲಿಗೆ ಕೊಲ್ಹಾಪುರ. ಈ ಮೂರೂ ಊರುಗಳ ಸಂಗೀತ ಹಾದುಹೋದದ್ದು ಈ ನೆಲದ ಮೇಲೆಯೇ.

ಆದಿಲಶಾಹಿ ಕಾಲ

ಮೊದಲ ಹಂತ ವಿಜಯಪುರದ್ದು. ಎರಡನೆಯ ಇಬ್ರಾಹಿಂ ಆದಿಲಶಹಾ (ಆಳ್ವಿಕೆ 1580–1627) ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಗೀತಸಂಕಲನ ಬರೆದ. ರಾಗಗಳ ಹೆಸರಿನಡಿ ಜೋಡಿಸಿದ ಆ ಹಾಡುಗಳಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಕಲಬುರಗಿಯ ಖ್ವಾಜಾ ಬಂದೇನವಾಜ ಗೇಸುದರಾಜರ ಸ್ತುತಿಯೂ ಇದೆ. ಅರಮನೆಯ ಸಂಗೀತ ಹೀಗಿದ್ದಾಗ ವಿಜಯಪುರದ ಸೂಫಿಗಳು ಹೆಣ್ಣುಮಕ್ಕಳ ಕೆಲಸದ ಹಾಡನ್ನು ಹಿಡಿದರು. ಬೀಸುವಾಗ ಹಾಡುವ ಚಕ್ಕಿನಾಮಾ, ನೂಲುವಾಗ ಹಾಡುವ ಚರಖಾನಾಮಾ ಹುಟ್ಟಿದ್ದು ಹೀಗೆ. ಬೀಸುಕಲ್ಲಿನ ಗೂಟ, ಹಿಡಿ, ಕಲ್ಲು ಎಲ್ಲಕ್ಕೂ ದೇವರ ನೆನಪನ್ನು ಕಟ್ಟಿ, ಕೈ ತಿರುಗಿದಂತೆ ಹೆಸರು ಮರಳುವ ಹಾಗೆ ಇವನ್ನು ಹೆಣೆದಿದ್ದರು. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ವಿಜಯಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ಇವುಗಳ ಮಹತ್ವವನ್ನು ವಿವರವಾಗಿ ತೋರಿಸಿದ್ದಾರೆ.

ರಾಯಬಾಗ ಮತ್ತು ಅಥಣಿ ಆ ಕಾಲದ ದೊಡ್ಡ ಪೇಟೆಗಳು. ವ್ಯಾಪಾರಿಗಳು ನಡೆದ ದಾರಿಯಲ್ಲೇ ಫಕೀರರೂ ನಡೆದರು. ಇಲ್ಲಿಯ ಹೆಣ್ಣುಮಕ್ಕಳಿಗೆ ಬೀಸುವ ಪದ ಹೊಸದೇನಲ್ಲ. ತ್ರಿಪದಿ ಅವರ ಬಾಯಲ್ಲೇ ಇತ್ತು. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಆ ಸಂಪತ್ತಿಗೆ ಸಾಕ್ಷಿ. ಕೈಕೆಲಸದ ಲಯಕ್ಕೆ ಒಂದೇ ಧಾಟಿ ಮರಳಿ ಮರಳಿ ಬರುವುದು, ಬಂದಷ್ಟು ಸಲ ಮನಸ್ಸು ಒಳಗೆ ಇಳಿಯುವುದು: ಸೂಫಿ ಹಾಡಿನ ಈ ತಳಪಾಯ ನಮ್ಮ ಪಡಸಾಲೆಯಲ್ಲೇ ಇತ್ತು.

ತತ್ವಪದ, ರಿವಾಯತ್, ಲಾವಣಿ

ಹತ್ತೊಂಬತ್ತನೆಯ ಶತಮಾನಕ್ಕೆ ಬರುವ ಹೊತ್ತಿಗೆ ಈ ದನಿ ಪೂರ್ತಿ ಕನ್ನಡವಾಯಿತು. ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರು ಕನ್ನಡದಲ್ಲೇ ಪದ ಕಟ್ಟಿದರು. ಶಿಶುನಾಳ ಶರೀಫರು (1819–1889) ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು ತತ್ವಪದಗಳನ್ನು ಹಾಡಿದರು. ಮೊಹರಮ್ ಹಬ್ಬಕ್ಕೆ ಬೇಕಾದ ರಿವಾಯತ್ ಪದಗಳನ್ನೂ ಬರೆದರು.

ನಮ್ಮ ಕಡೆ ಅಮಾವಾಸ್ಯೆಯ ರಾತ್ರಿ ಮಠದಲ್ಲಿ ಭಜನೆಗೆ ಕೂತವರಿಗೆ ಈ ಹಾಡಿನ ನಡೆ ಗೊತ್ತು. ಪೇಟಿಯವರು ಮೊದಲು ಶ್ರುತಿ ಕೇಳುತ್ತಾರೆ. ಗಡಿಭಾಗದಲ್ಲಿ ಅದು ಪೇಟಿಯ ಕರಿ ಮನೆಗಳನ್ನು ಎಣಿಸುವ ‘ಕಾಳಿ ಚಾರ್’, ‘ಕಾಳಿ ಪಾಂಚ್’ ಎಂಬ ಮರಾಠಿ ಲೆಕ್ಕದಲ್ಲೇ ಆಗಬೇಕು. ಏಕತಾರಿ ಮೀಟಿದ ಮೇಲೆ ಮುಮ್ಮೇಳದವರು ಪಲ್ಲವಿಯನ್ನು ಸಾವಕಾಶ ಎತ್ತುತ್ತಾರೆ, ಹಿಮ್ಮೇಳ ಅದನ್ನು ಎತ್ತಿಕೊಳ್ಳುತ್ತದೆ. ದಮ್ಮಡಿ, ತಾಳ ಆಮೇಲೆ ಸೇರುತ್ತವೆ. ನುಡಿಯಿಂದ ನುಡಿಗೆ ಲಯ ಬಿಗಿಯಾಗುತ್ತದೆ. ಕೊನೆಯ ನುಡಿಯಲ್ಲಿ ಗುರುವಿನ ಹೆಸರು ಬರುವಾಗ ತಾಳ ದುಪ್ಪಟ್ಟಾಗಿ, ಕೂತವರೆಲ್ಲ ಹಾಡುವವರೇ ಆಗಿರುತ್ತಾರೆ. ಕವ್ವಾಲಿಯಲ್ಲಿ ಚಪ್ಪಾಳೆ ಮಾಡುವ ಕೆಲಸವನ್ನು ಇಲ್ಲಿ ತಾಳ, ದಮ್ಮಡಿ ಮಾಡುತ್ತವೆ. ಅಲ್ಲಿ ಒಂದೇ ಸಾಲನ್ನು ಹತ್ತು ರೀತಿ ತಿರುವಿ ಹಾಡುವಂತೆ ಇಲ್ಲಿ ಪಲ್ಲವಿ ಪ್ರತಿ ನುಡಿಯ ತುದಿಗೂ ಹೊಸ ಅರ್ಥ ಹೊತ್ತು ಮರಳುತ್ತದೆ.

ಇದರ ಜೊತೆಗೇ ಮೊಹರಮ್ಮಿನ ರಿವಾಯತ್ ಬೆಳೆಯಿತು. ಹಸನ್–ಹುಸೇನರ ಬಲಿದಾನವನ್ನು ಕನ್ನಡದಲ್ಲಿ ಹಾಡುತ್ತ, ಗೆಜ್ಜೆ ಕಟ್ಟಿ, ದುಂಡಾಗಿ ಹೆಜ್ಜೆ ಹಾಕುವ ಮೇಳಗಳಿವು. ಹಾಡುವವರಲ್ಲಿ ಮುಸಲ್ಮಾನರಷ್ಟೇ ಲಿಂಗಾಯತರೂ ಕುರುಬರೂ ಇರುತ್ತಾರೆ. ಹಬ್ಬ ಎಲ್ಲರದು, ದುಃಖವೂ ಎಲ್ಲರದು.

ಮೂರನೆಯ ಎಳೆ ಹರದೇಶಿ–ನಾಗೇಶಿ ಲಾವಣಿ. ಗಂಡು ಹೆಚ್ಚೆಂದು ಹರದೇಶಿಯವರು, ಹೆಣ್ಣು ಹೆಚ್ಚೆಂದು ನಾಗೇಶಿಯವರು ರಾತ್ರಿಯಿಡೀ ಸವಾಲು–ಜವಾಬು ನಡೆಸುತ್ತಾರೆ. ವಾದ ಶಿವ–ಶಕ್ತಿಯರದು, ಧಾಟಿಯಲ್ಲಿ ಮಾತ್ರ ಗಂಡು–ಹೆಣ್ಣಿನ ಸರಸ ತುಂಬಿರುತ್ತದೆ. ಈ ಪರಂಪರೆಯ ಹೆಸರಾಂತ ಕವಿಗಳಲ್ಲಿ ಒಬ್ಬರು ಹಲಸಂಗಿಯ ಖಾಜಾಭಾಯಿ. ಲೋಕದ ಪ್ರೀತಿಯ ಮಾತಿನಲ್ಲೇ ಅಲೌಕಿಕವನ್ನು ಹೇಳುವುದು ಸೂಫಿ ಕಾವ್ಯದ ಹಾದಿ. ಪ್ರೇಮಚಿತ್ರದ ಯುಗಳಗೀತೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಾಣುವುದಿಲ್ಲ.

ಮಿರಜದ ದರ್ಗಾ

ಕಾಗವಾಡ ದಾಟಿದರೆ ಮಿರಜ ಬಂದೇ ಬಿಟ್ಟಿತು. ಅಲ್ಲಿಯ ಖ್ವಾಜಾ ಮೀರಾಸಾಹೇಬರ ದರ್ಗಾದ ಉರುಸಿನಲ್ಲಿ ಮೊದಲ ಗಲೀಫ (ಗೋರಿಗೆ ಹೊದಿಸುವ ಬಟ್ಟೆ) ಏರಿಸುವ ಮಾನ ಚಮ್ಮಾರ ಸಮಾಜದ್ದು. ಕೈರಾನಾದಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ಬೇನೆ ಬಿದ್ದಾಗ ಈ ದರ್ಗಾದಲ್ಲಿ ಹಾಡಿ ಗುಣವಾದರೆಂಬುದು ಭಕ್ತರ ನಂಬಿಕೆ. ಅವರು ಮಿರಜದಲ್ಲೇ ನೆಲೆಸಿದರು. ಅವರ ಗೋರಿಯೂ ದರ್ಗಾದ ಆವರಣದಲ್ಲೇ ಇದೆ. ಅವರ ನೆನಪಿನಲ್ಲಿ ಉರುಸಿನ ಹೊತ್ತಿಗೆ ಅಲ್ಲಿಯ ಹುಣಸೆಮರದ ಕೆಳಗೆ ಗಾಯಕರು ಹಾಡುತ್ತ ಬಂದಿದ್ದಾರೆ. ಅದನ್ನು ಅವರು ಕಛೇರಿ ಎನ್ನುವುದಿಲ್ಲ, ಹಾಜರಿ ಎನ್ನುತ್ತಾರೆ.

ಮಿರಜದಿಂದ ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಹಾದು ಬೆಳಗಾವಿಗೂ ಧಾರವಾಡಕ್ಕೂ ಹೋಗುವ ರೈಲುದಾರಿ ಕರ್ನಾಟಕದ ಹಿಂದೂಸ್ತಾನಿ ಸಂಗೀತದ ನರನಾಡಿ. ಅಬ್ದುಲ್ ಕರೀಂ ಖಾನರ ಕಿರಾನಾ ಘರಾಣೆ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ಲರಿಗೆ, ಭೀಮಸೇನ ಜೋಶಿಯವರಿಗೆ ಹರಿಯಿತು. ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗ ಕಲಿತದ್ದು ಮಿರಜದ ನೀಲಕಂಠಬುವಾ ಅವರ ಬಳಿ. ಒಂದೊಂದೇ ಸ್ವರದ ಮೇಲೆ ನಿಂತು, ಅದು ತಾನಾಗಿ ಬಾಯಿ ಬಿಡುವವರೆಗೆ ಕಾಯುವ ಕಿರಾನಾದ ಆಲಾಪಕ್ಕೂ ಸೂಫಿಗಳ ನಾಮಸ್ಮರಣೆಗೂ ಇರುವ ನಂಟನ್ನು ಕೇಳಿಯೇ ತಿಳಿಯಬೇಕು. ಖಾನ್‌ಸಾಹೇಬರ ಭೈರವಿ ಠುಮ್ರಿ ‘ಜಮುನಾ ಕೆ ತೀರ್’ ಧ್ವನಿಮುದ್ರಿಕೆಯಲ್ಲಿ ಇಂದಿಗೂ ಸಿಗುತ್ತದೆ.

ಆ ಸ್ವರಕ್ಕೆ ಆಸರೆ ಮಿರಜದ ತಂಬೂರಿ. ಹಿಂದೆ ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನದವರು ರಾಜರ ಕಾಲ ಮುಗಿಯುತ್ತ ಬಂದಂತೆ ಸಿತಾರ–ತಂಬೂರಿಗೆ ಕೈ ಹಾಕಿದರು. ಪಂಢರಪುರದ ಕಡೆಯಿಂದ ಬರುವ ದೊಡ್ಡ ಕುಂಬಳಬುರುಡೆಯನ್ನು ಚೆನ್ನಾಗಿ ಒಣಗಿಸಿ, ಕೊಯ್ದು, ಅದಕ್ಕೆ ಮರದ ದಂಡಿ ಕೂಡಿಸುತ್ತಾರೆ. ಎಲ್ಲ ಆದ ಮೇಲೆ ಉಳಿಯುವುದು ಜವಾರಿ ತೆಗೆಯುವ ಕೆಲಸ. ತಂತಿ ಕೂಡುವ ಕುದುರೆಯ ಮೈಯನ್ನು ಅರದಿಂದ ಕೂದಲೆಳೆಯಷ್ಟು ತೀಡುವುದು, ತಂತಿಯ ಕೆಳಗೆ ನೂಲಿನ ಎಳೆ ಸರಿಸುವುದು, ಕಿವಿಗೊಟ್ಟು ಮತ್ತೆ ತೀಡುವುದು. ನೂಲು ಸರಿಯಾದ ಜಾಗಕ್ಕೆ ಬಂದಾಗ ತಂತಿಯ ದನಿ ಅರಳಿ, ಒಂದೇ ಸ್ವರದೊಳಗಿಂದ ಬೇರೆ ಸ್ವರಗಳು ಎದ್ದು ನಿಲ್ಲುತ್ತವೆ. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು.

ಕನ್ನಡ ಸಿನಿಮಾ ಹಿಡಿದದ್ದು

ನಿಪ್ಪಾಣಿಯಿಂದ ಹತ್ತಿರವೇ ಇರುವ ಕೊಲ್ಹಾಪುರದಲ್ಲಿ, ಛತ್ರಪತಿ ಸ್ಟುಡಿಯೊದಲ್ಲಿ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ತಯಾರಾಯಿತು. ಆದರೆ ಈ ಸೀಮೆಯ ದನಿ ಕನ್ನಡ ತೆರೆಗೆ ಬರಲು ಬಹಳ ಕಾಲ ಹಿಡಿಯಿತು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ‘ಕಾಡುಕುದುರೆ’ ಚಿತ್ರ ಮಾಡಿದಾಗ ಅದರ ಶೀರ್ಷಿಕೆ ಗೀತೆಗೆ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದರು. ಬೆಳಗಾವಿ ಸೀಮೆಯ ಜಾನಪದ ಮಟ್ಟಿಗೆ ಸಿನಿಮಾದಲ್ಲಿ ಎಷ್ಟು ಕಸುವಿದೆ ಎಂದು ಆಗ ತಿಳಿಯಿತು.

ಮುಂದಿನ ದೊಡ್ಡ ಹೆಜ್ಜೆ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990). ಶರೀಫರಾಗಿ ಶ್ರೀಧರ್, ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ್, ಸಂಗೀತ ಸಿ. ಅಶ್ವತ್ಥ್ (1939–2009). ರಾಷ್ಟ್ರೀಯ ಏಕತೆಯ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಇದಕ್ಕೆ ಬಂತು. ಅಶ್ವತ್ಥ್ ಎದೆ ಬಿರಿಯುವಂತೆ ಹಾಡಿದ ಶರೀಫರ ಪದಗಳು ಕ್ಯಾಸೆಟ್ಟುಗಳಲ್ಲಿ ನಾಡಿನ ಮೂಲೆಮೂಲೆಗೂ ಹೋದವು. ಅವರೇ ‘ನಾಗಮಂಡಲ’ದಲ್ಲಿ (1997) ಉತ್ತರ ಕರ್ನಾಟಕದ ಮಟ್ಟುಗಳನ್ನು ದಾಂಪತ್ಯದ ಪ್ರೀತಿಗೂ ವಿರಹಕ್ಕೂ ಒಗ್ಗಿಸಿದರು. 2008ರ ‘ಅಂತರಾಗ್ನಿ’ ಆಲ್ಬಮ್ಮಿನಲ್ಲಿ ರಘು ದೀಕ್ಷಿತ್ ಶರೀಫರನ್ನು ಗಿಟಾರಿಗೆ ತಂದರು. ಹೊಸ ತಲೆಮಾರಿನ ಹುಡುಗರು ತತ್ವಪದಕ್ಕೆ ಕುಣಿದರು.

ಈ ಸಾಧನೆ ಸಣ್ಣದಲ್ಲ. ಆದರೂ ಇದೆಲ್ಲ ಬಹುಮಟ್ಟಿಗೆ ಶರೀಫರೊಬ್ಬರ ಸುತ್ತಲೇ ನಿಂತಿತು. ಜಲಾಲಸಾಹೇಬರು ತೆರೆಗೆ ಬರಲಿಲ್ಲ, ರಿವಾಯತ್ ಬರಲಿಲ್ಲ, ಮಿರಜದ ಹುಣಸೆಮರದ ಕೆಳಗಿನ ಆಲಾಪ ಬರಲಿಲ್ಲ.

ಮಲಯಾಳಂ ಕಲಿಸುವ ಪಾಠ

ಹಿಂದಿಯಲ್ಲಿ ಎ.ಆರ್. ರಹಮಾನ್ ‘ಫಿಜಾ’ (2000), ‘ಜೋಧಾ ಅಕ್ಬರ್’ (2008), ‘ರಾಕ್‌ಸ್ಟಾರ್’ (2011) ಚಿತ್ರಗಳಲ್ಲಿ ದರ್ಗಾದ ಹಾಡನ್ನು ಭಕ್ತಿಯಿಂದ ತಂದರು. ಅವರ ಹಿಂದೆ ಬಂದ ಅನೇಕರಿಗೆ ಸೂಫಿ ಎಂದರೆ ಒಂದು ದಫ್, ಒಂದಿಷ್ಟು ಚಪ್ಪಾಳೆ, ‘ಮೌಲಾ’ ಎಂಬ ಕೂಗು ಇಷ್ಟೇ ಆಯಿತು. ಆ ಅಚ್ಚು ಕನ್ನಡಕ್ಕೂ ಇಳಿಯಿತು.

ಮಲಯಾಳಂ ದಾರಿ ಬೇರೆ. ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲೇ ಅರಬ್ಬೀ–ಮಲಯಾಳಂನಲ್ಲಿ ‘ಬದರುಲ್ ಮುನೀರ್ ಹುಸ್ನುಲ್ ಜಮಾಲ್’ ಎಂಬ ಪ್ರೇಮಕಾವ್ಯ ಬರೆದಿದ್ದರು. ಮಲಬಾರಿನ ಮುಸಲ್ಮಾನರ ಮಾಪಿಳ್ಳೆ ಹಾಡಿನ ಧಾಟಿಯನ್ನು ಕೆ. ರಾಘವನ್ 1954ರ ‘ನೀಲಕ್ಕುಯಿಲ್’ ಚಿತ್ರಕ್ಕೆ ತಂದರು. ಕೋಝಿಕ್ಕೋಡಿನ ಎಂ.ಎಸ್. ಬಾಬುರಾಜ್ ಹಿಂದೂಸ್ತಾನಿಯನ್ನು ಮಲಬಾರಿನ ಮಣ್ಣಿಗೆ ಹೊಂದಿಸಿದರು. ಜಯಚಂದ್ರನ್ ಅವರ ಹಾಡು ಈ ಸಾಲಿನ ಮುಂದುವರಿಕೆ. ನಿತ್ಯಾ ಅವರ ಮೆಲುದನಿಯಲ್ಲಿರುವುದು ಕೇರಳದ ಹೆಣ್ಣಿನ ವಿರಹ; ಅದರೊಳಗೆ ಝಿಯಾ ಉಲ್ ಹಕ್ ಅವರ ಏರುದನಿ ಸೇರಿದಾಗ ಅದು ಪ್ರಾರ್ಥನೆಯಾಗುತ್ತದೆ. ಮೊದಲು ಊರು, ಆಮೇಲೆ ಸೂಫಿ. ಹಾಡು ಗೆದ್ದದ್ದು ಅದರಿಂದ.

ಮುಂದಿನ ಹೆಜ್ಜೆ

ನಮ್ಮಲ್ಲಿಯೂ ಊರು ಇದೆ. ಕುಡಚಿಯ ಮಾಸಾಹೇಬಾ ದರ್ಗಾದಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಕೇಳುತ್ತವೆ. ಪಂಢರಪುರಕ್ಕೆ ಹೊರಡುವ ದಿಂಡಿಯವರೂ ಮೊಹರಮ್ಮಿನ ಮೇಳದವರೂ ಒಂದೇ ಓಣಿಯವರು. ಇಲ್ಲಿಗೆ ಬರುವ ಸಂಗೀತ ನಿರ್ದೇಶಕ ಮೊಬೈಲಿನಲ್ಲಿ ಒಂದು ಧಾಟಿ ಹಿಡಿದುಕೊಂಡು ಹೋದರೆ ಸಾಲದು. ಒಂದು ರಾತ್ರಿಯ ಭಜನೆಗೆ ಪೂರ್ತಿ ಕೂಡಬೇಕು; ಲಯ ಎಲ್ಲಿ ಬಿಗಿಯಾಗುತ್ತದೆ, ಹಿಮ್ಮೇಳ ಎಲ್ಲಿ ಮುಮ್ಮೇಳವನ್ನು ಮೀರುತ್ತದೆ ಎಂಬುದನ್ನು ಮೈಯಿಂದ ತಿಳಿಯಬೇಕು. ರಿವಾಯತ್ ಮೇಳದವರನ್ನೇ ಸ್ಟುಡಿಯೊಗೆ ಕರೆದು ಹಾಡಿಸಬೇಕು, ಅವರ ಹೆಸರು ತೆರೆಯ ಮೇಲೆ ಬರಬೇಕು, ಸಂಭಾವನೆ ಕೈಗೆ ಸೇರಬೇಕು. ಯುಗಳಗೀತೆಗೆ ಹರದೇಶಿ–ನಾಗೇಶಿಯ ಸವಾಲು–ಜವಾಬು ಇಟ್ಟು, ಗಿಟಾರಿನ ಕೆಳಗೆ ಮಿರಜದ ತಂಬೂರಿಯನ್ನು ನಿಜವಾಗಿ ಮೀಟಿಸಿದರೆ ಕನ್ನಡದ ಪ್ರೇಮಗೀತೆ ಬೇರೆಯೇ ಆಗುತ್ತದೆ.

ಗಡಿ ಎಂದೊಡನೆ ನಮಗೆ ಜಗಳವೇ ನೆನಪಾಗುವ ಹಾಗಾಗಿದೆ. ಈ ಐದು ತಾಲ್ಲೂಕುಗಳ ಸಂಗೀತದ ಇತಿಹಾಸ ಮಾತ್ರ ಕೊಟ್ಟು–ತಗೊಂಡು ಬಾಳಿದವರದು. ಆ ಬಾಳು ಒಂದು ಒಳ್ಳೆಯ ಕನ್ನಡ ಪ್ರೇಮಕಥೆಯಲ್ಲಿ ಹಾಡಾಗಿ ಬಂದರೆ ಕೇರಳದವರೂ ಭಾಷೆ ಬಾರದೆಯೇ ಅದನ್ನು ಮತ್ತೆ ಮತ್ತೆ ಕೇಳಿಯಾರು.