ಹೆಸರು ಬರೆದಿಟ್ಟ ಕಚೇರಿ

ಅಂತರ್ಜಾಲದ ಇತಿಹಾಸ ಹೇಳುವವರೆಲ್ಲ 1969ರ ಅಕ್ಟೋಬರ್ 29ರ ರಾತ್ರಿಯಿಂದಲೇ ಶುರು ಮಾಡುತ್ತಾರೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಂಪ್ಯೂಟರಿನಿಂದ ಮೆನ್ಲೊ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ‘ಲಾಗಿನ್’ ಎಂದು ಕಳಿಸಹೊರಟರು. ಎರಡು ಅಕ್ಷರ ಹೋಗುವಷ್ಟರಲ್ಲಿ ಆಚೆ ಕಡೆಯ ಯಂತ್ರ ಕೈಕೊಟ್ಟಿತು. ಆ ಕಥೆ ನನಗೂ ಇಷ್ಟವೇ. ಆದರೆ ಉದ್ಯೋಗದ ಕಾಲವನ್ನೆಲ್ಲ ಕಾಲೇಜು ಗ್ರಂಥಾಲಯದಲ್ಲಿ ಕಳೆದ ನನಗೆ ಮೊದಲು ಹುಟ್ಟುವ ಪ್ರಶ್ನೆ ಬೇರೆ. ಯಂತ್ರಗಳು ಮಾತಾಡಿಕೊಂಡವು, ಸರಿ. ಯಾವ ಯಂತ್ರ ಎಲ್ಲಿದೆ, ಅದರಲ್ಲಿ ಏನು ಸಿಗುತ್ತದೆ, ಅದನ್ನು ಏನೆಂದು ಕರೆಯಬೇಕು ಎಂದು ಬರೆದಿಟ್ಟವರು ಯಾರು?

ಎಲಿಜಬೆತ್ ಫೈನ್ಲರ್. ಬಳಗದವರ ಬಾಯಲ್ಲಿ ಜೇಕ್. 1931ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಹುಟ್ಟಿದವರು, ಓದಿದ್ದು ರಸಾಯನಶಾಸ್ತ್ರ. ಮೊದಲು ಕೆಲಸಕ್ಕೆ ಸೇರಿದ್ದು ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್ ಸಂಸ್ಥೆಯಲ್ಲಿ. ವಿಜ್ಞಾನ ಗ್ರಂಥಾಲಯಗಳಲ್ಲಿ ದುಡಿದವರಿಗೆ ಆ ದಪ್ಪ ಸಂಪುಟಗಳ ಪರಿಚಯ ಇದ್ದೇ ಇರುತ್ತದೆ: ಜಗತ್ತಿನ ರಸಾಯನಶಾಸ್ತ್ರದ ಲೇಖನಗಳನ್ನೆಲ್ಲ ಸಾರ ತೆಗೆದು, ಸೂಚಿ ಮಾಡಿ ಕೊಡುವ ಕೆಲಸ ಅದು. ಪ್ರಯೋಗಕ್ಕಿಂತ ಪ್ರಯೋಗದ ಮಾಹಿತಿಯನ್ನು ಹೊಂದಿಸುವುದೇ ಫೈನ್ಲರ್ ಅವರಿಗೆ ಹಿಡಿಸಿತು. 1960ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಬಂದರು. 1972ರಲ್ಲಿ, ಮೌಸ್ ಕಂಡುಹಿಡಿದ ಡಗ್ಲಸ್ ಎಂಗೆಲ್‌ಬಾರ್ಟ್ ತಮ್ಮ ತಂಡಕ್ಕೆ ಅವರನ್ನು ಕರೆದುಕೊಂಡರು.

ಆ ವರ್ಷ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಸಮ್ಮೇಳನವೊಂದರಲ್ಲಿ, 1969ರಲ್ಲಿ ಶುರುವಾದ ಆ ಜಾಲವನ್ನು, ಅಂದರೆ ಅರ್ಪಾನೆಟ್ಟನ್ನು, ಮೊದಲ ಸಲ ಹೊರಗಿನವರಿಗೆ ತೋರಿಸುವುದಿತ್ತು. ಬಂದವರ ಕೈಗೆ ಕೊಡಲು ಸಂಪನ್ಮೂಲ ಕೈಪಿಡಿಯೊಂದು ಬೇಕು ಎಂದು ಎಂಗೆಲ್‌ಬಾರ್ಟ್ ಹೇಳಿದರು. ಹಾಗೆಂದರೇನು ಎಂದು ಇವರು ಕೇಳಿದ್ದಕ್ಕೆ, ತನಗೂ ಗೊತ್ತಿಲ್ಲ, ಆದರೆ ಬೇಕೇ ಬೇಕು ಎಂದರಂತೆ. ಫೈನ್ಲರ್ ಜಾಲದಲ್ಲಿದ್ದ ಒಂದೊಂದು ಕೇಂದ್ರದ ಬೆನ್ನುಬಿದ್ದು, ನಿಮ್ಮಲ್ಲಿ ಯಾವ ಯಂತ್ರವಿದೆ, ಯಾವ ಪ್ರೋಗ್ರಾಮುಗಳಿವೆ, ಯಾರನ್ನು ಕೇಳಬೇಕು ಎಂದು ವಿಚಾರಿಸಿ ಬರೆದುಕೊಂಡರು. ಆ ಜಾಲಕ್ಕೆ ಕ್ಯಾಟಲಾಗು ಎಂಬುದು ಹುಟ್ಟಿದ್ದು ಹೀಗೆ. ಮುಂದೆ 1989ರವರೆಗೂ ಮೆನ್ಲೊ ಪಾರ್ಕಿನ ನೆಟ್‌ವರ್ಕ್ ಮಾಹಿತಿ ಕೇಂದ್ರ ಫೈನ್ಲರ್ ಅವರ ಕೈಯಲ್ಲೇ ಬೆಳೆಯಿತು.

ಹೆಸರುಗಳ ಗೊಂದಲ ಆ ಕೈಪಿಡಿಗೂ ಮೊದಲೇ ಶುರುವಾಗಿತ್ತು. ಪ್ರತಿ ಕೇಂದ್ರವೂ ತನ್ನದೇ ಪಟ್ಟಿ ಇಟ್ಟುಕೊಂಡಿತ್ತು. ಒಂದೇ ಯಂತ್ರಕ್ಕೆ ಇಲ್ಲೊಂದು ಹೆಸರು, ಅಲ್ಲೊಂದು. 1971ರ ಸೆಪ್ಟೆಂಬರಿನಲ್ಲೇ ಪೆಗ್ಗಿ ಕಾರ್ಪ್ ಎಂಬುವರು ಎಲ್ಲರೂ ಒಂದೇ ಹೆಸರು ಬಳಸೋಣ ಎಂದು ಪಟ್ಟಿ ಸಮೇತ ಟಿಪ್ಪಣಿ ಬರೆದರು. 1973ರ ಕೊನೆಯಲ್ಲಿ ಪೀಟರ್ ಡಾಯ್ಚ್ ಎಂಬ ಇನ್ನೊಬ್ಬರು, ಒಬ್ಬರೇ ಬರೆದಿಟ್ಟರೆ ಸಾಕಾಗುವ ಪಟ್ಟಿಯನ್ನು ಎಲ್ಲರೂ ಬೇರೆ ಬೇರೆಯಾಗಿ ಬರೆಯುವುದೇಕೆ ಎಂದು ಕೇಳಿದರು. ಪ್ರಶ್ನೆ ನ್ಯಾಯವಾಗಿತ್ತು. ಹೊಣೆ ಮಾಹಿತಿ ಕೇಂದ್ರಕ್ಕೆ ಬಂತು, ಪಟ್ಟಿ ಒಂದೇ ಕಡತವಾಯಿತು. ಅದರ ಹೆಸರು ಹೋಸ್ಟ್ಸ್ ಡಾಟ್ ಟೆಕ್ಸ್ಟ್. ಹೊಸ ಕಂಪ್ಯೂಟರನ್ನು ಜಾಲಕ್ಕೆ ಸೇರಿಸಬೇಕೆಂದರೆ ಕಚೇರಿ ವೇಳೆಯಲ್ಲಿ ಕೇಂದ್ರಕ್ಕೆ ಫೋನ್ ಮಾಡಿ ಹೆಸರು ಬರೆಸಬೇಕು. ಆಮೇಲೆ ಜಾಲದ ಉಳಿದವರೆಲ್ಲ ಹೊಸ ಕಡತ ಇಳಿಸಿಕೊಳ್ಳಬೇಕು.

ಆ ಕಡತದ ಒಂದು ಸಾಲು ಹೇಗಿರುತ್ತಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 1985ರ ಅಕ್ಟೋಬರಿನಲ್ಲಿ ಕೆನ್ ಹ್ಯಾರೆನ್‌ಸ್ಟೀನ್, ಮೇರಿ ಸ್ಟಾಲ್ ಮತ್ತು ಫೈನ್ಲರ್ ಸೇರಿ ಬರೆದ ನಿಯಮಾವಳಿಯಲ್ಲಿ ಮಾದರಿಯಾಗಿ ಕೇಂದ್ರದ ಸ್ವಂತ ಯಂತ್ರದ್ದೇ ಸಾಲಿದೆ. ಮೊದಲು ‘ಹೋಸ್ಟ್’ ಎಂಬ ಪದ, ಆಮೇಲೆ ಕೋಲನ್. ನಂತರ ವಿಳಾಸದ ಅಂಕಿಗಳು, 26.0.0.73 ಮತ್ತು 10.0.0.51. ಮತ್ತೆ ಕೋಲನ್. ಹೆಸರು, ಎಸ್‌ಆರ್‌ಐ-ನಿಕ್. ಕೋಲನ್. ಯಂತ್ರದ ಜಾತಿ, ಡೆಕ್-2060. ಕೋಲನ್. ಅದನ್ನು ನಡೆಸುವ ವ್ಯವಸ್ಥೆ, ಟಾಪ್ಸ್20. ಕೋಲನ್. ಕೊನೆಗೆ ಆ ಯಂತ್ರ ಒದಗಿಸುವ ಸೇವೆಗಳು. ಒಂದು ವಸ್ತುವನ್ನು ಎಷ್ಟು ಮುಖದಿಂದ ಗುರುತಿಸಬೇಕೋ ಅಷ್ಟನ್ನೂ ಒಂದೇ ಸಾಲಿನಲ್ಲಿ, ಕೋಲನ್ನುಗಳ ನಡುವೆ ಇಟ್ಟಿದ್ದಾರೆ. ಪುಸ್ತಕದ ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ, ನಡುವೆ ಕೋಲನ್ ಇಟ್ಟು ಗುರುತಿಸುವ ಎಸ್.ಆರ್. ರಂಗನಾಥನ್ ಅವರ ದ್ವಿಬಿಂದು ವರ್ಗೀಕರಣವನ್ನು ಕಲಿತವರಿಗೆ ಇದನ್ನು ನೋಡಿದಾಗ ಏನನ್ನಿಸಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಇದೆಯೆಂದು ನಾನು ಹೇಳುತ್ತಲೂ ಇಲ್ಲ. 1933ರಲ್ಲಿ ಮದ್ರಾಸಿನಿಂದ ಆ ವರ್ಗೀಕರಣದ ಪುಸ್ತಕ ಹೊರತಂದು, ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಮತ್ತು ತರಬೇತಿ ಕೇಂದ್ರ ಕಟ್ಟಿದ ಆ ಹಿರಿಯರಿಗೂ ಮೆನ್ಲೊ ಪಾರ್ಕಿನ ಈ ಕಚೇರಿಗೂ ಇದ್ದ ಕಾಳಜಿ ಮಾತ್ರ ಒಂದೇ: ಹುಡುಕಿ ಬಂದವರಿಗೆ ಬೇಕಾದ್ದು ಸಿಗಬೇಕು.

ಪಟ್ಟಿ ಸೋತದ್ದು ಜಾಲ ಬೆಳೆದದ್ದರಿಂದ. 1981ರ ಆಗಸ್ಟಿನಲ್ಲಿ ಜಾಲದಲ್ಲಿದ್ದದ್ದು 213 ಕಂಪ್ಯೂಟರು. ಎರಡು ವರ್ಷದಲ್ಲಿ 562. 1987ರ ಕೊನೆಗೆ 28 ಸಾವಿರ ದಾಟಿತು. ಇಷ್ಟಕ್ಕೂ ಒಂದೇ ಕಡತ, ಒಂದೇ ಕಚೇರಿ, ಎಲ್ಲರೂ ಅಲ್ಲಿಂದಲೇ ಇಳಿಸಿಕೊಳ್ಳುವುದು ಎಂದರೆ ನಡೆಯುವ ಮಾತಲ್ಲ. ಜಾಲದ ವಿಳಾಸ, ಅಂಕಿಗಳ ಹಂಚಿಕೆ ನೋಡಿಕೊಳ್ಳುತ್ತಿದ್ದ ಜಾನ್ ಪೋಸ್ಟೆಲ್ ಈ ಸಮಸ್ಯೆಯನ್ನು ತಮ್ಮ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಅವರಿಗೆ ಒಪ್ಪಿಸಿದರು. 1983ರ ನವೆಂಬರಿನಲ್ಲಿ ಮೊಕಪೆಟ್ರಿಸ್ ಮುಂದಿಟ್ಟದ್ದೇ ಇವತ್ತಿನ ಡೊಮೈನ್ ವ್ಯವಸ್ಥೆ. ಪಟ್ಟಿಯನ್ನು ಹಂಚಿಬಿಡುವುದು ಅದರ ತಿರುಳು: ತುದಿಯ ಹೆಸರನ್ನು ಒಬ್ಬರು ನೋಡಿಕೊಳ್ಳಲಿ, ಅದರ ಒಳಗಿನದನ್ನು ಆಯಾ ಸಂಸ್ಥೆಯವರೇ ನೋಡಿಕೊಳ್ಳಲಿ. ತುದಿಗೆ ಯಾವ ಹೆಸರು ಎಂಬ ಚರ್ಚೆಯಲ್ಲಿ ಫೈನ್ಲರ್ ತಂಡದ ಮಾತಿಗೂ ತೂಕವಿತ್ತು. ಕಾಮ್, ಎಜು, ಗವ್, ಮಿಲ್, ಆರ್ಗ್ ಎಂಬ ವರ್ಗಗಳು 1984ರ ಅಕ್ಟೋಬರಿನ ಟಿಪ್ಪಣಿಯಲ್ಲಿ ಮುದ್ರೆ ಪಡೆದವು. ದೇಶಗಳಿಗೆ ಎರಡಕ್ಷರದ ಹೆಸರು.

ಭಾರತದ ‘ಇನ್’ 1989ರಲ್ಲಿ ಸೇರಿತು. ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಅದನ್ನು ನೋಡಿಕೊಂಡಿತು. 1986ರಲ್ಲಿ ಶುರುವಾಗಿದ್ದ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ಅರ್ನೆಟ್ ಯೋಜನೆಯಲ್ಲಿ ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಆ ಸಂಸ್ಥೆಯ ಪ್ರಾಧ್ಯಾಪಕರ ಲೇಖನಗಳ ಕೆಳಗೆ ‘ಐಐಎಸ್‌ಸಿ ಡಾಟ್ ಅರ್ನೆಟ್ ಡಾಟ್ ಇನ್’ ಎಂದು ಮುಗಿಯುವ ಇಮೇಲ್ ವಿಳಾಸ ವರ್ಷಗಟ್ಟಲೆ ಅಚ್ಚಾಗುತ್ತಿತ್ತು. ಸಂಸ್ಥೆ, ಅದು ಸೇರಿದ ಜಾಲ, ದೇಶ. ನಮ್ಮ ಗ್ರಂಥಾಲಯಕ್ಕೆ ಬರುತ್ತಿದ್ದ ನಿಯತಕಾಲಿಕಗಳಲ್ಲಿ ಆ ವಿಳಾಸ ಕಂಡಾಗಲೆಲ್ಲ, ಎಂಥ ಚೊಕ್ಕ ವರ್ಗೀಕರಣ ಎಂದು ಮೆಚ್ಚಿಕೊಂಡಿದ್ದೇನೆ.

ಅದೇ 1989ರಲ್ಲಿ ಫೈನ್ಲರ್ ಆ ಕಚೇರಿ ಬಿಟ್ಟರು. ಆಮೇಲೆ ಹೆಸರು ಬರೆದುಕೊಳ್ಳುವ ಕೆಲಸ ಖಾಸಗಿ ಕಂಪನಿಗೆ ಹೋಯಿತು. ಅಲ್ಲಿಯವರೆಗೆ ಪುಕ್ಕಟೆ ಸಿಗುತ್ತಿದ್ದ ಹೆಸರಿಗೆ 1995ರಿಂದ ಎರಡು ವರ್ಷಕ್ಕೆ 100 ಡಾಲರ್ ಕಟ್ಟಬೇಕಾಯಿತು. ಹೆಸರು ಸರಕಾದದ್ದು ಆಗ. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ. ಒಂದು ಉಪಕಾರವನ್ನು ಮಾತ್ರ ಮರೆಯುವಂತಿಲ್ಲ: ಕಚೇರಿಯ ಕಾಗದಪತ್ರಗಳನ್ನು ಫೈನ್ಲರ್ ರದ್ದಿಗೆ ಹೋಗಲು ಬಿಡಲಿಲ್ಲ. ಸುಮಾರು 350 ಪೆಟ್ಟಿಗೆಗಳಷ್ಟು ಮೌಂಟನ್ ವ್ಯೂನ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯಕ್ಕೆ ಸೇರಿದವು. ಇಷ್ಟು ವಿವರವಾಗಿ ಈ ಕಥೆ ಹೇಳಲು ಸಾಧ್ಯವಾಗಿರುವುದೇ ಅಂಥ ಕಾಳಜಿಯಿಂದ.

ಹಳೆಯ ಪಟ್ಟಿಯ ಒಂದು ನಿಯಮ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಹೆಸರು 24 ಅಕ್ಷರ ಮೀರಬಾರದು. ಇಂಗ್ಲಿಷಿನ ಎ-ಯಿಂದ ಝಡ್-ವರೆಗಿನ ಅಕ್ಷರ, ಅಂಕಿ, ಅಡ್ಡಗೆರೆ, ಇಷ್ಟೇ ಇರಬೇಕು ಎಂದು ಅಲ್ಲಿ ಬರೆದಿತ್ತು. ಮೊಕಪೆಟ್ರಿಸ್ ಕಟ್ಟಿದ ಹೊಸ ವ್ಯವಸ್ಥೆ ಬೇರೆ ಸಂಕೇತಗಳನ್ನೂ ಹೊರಬಲ್ಲದು. ಆದರೆ ಆಗಲೇ ಬಳಕೆಯಲ್ಲಿದ್ದ ಪ್ರೋಗ್ರಾಮುಗಳು ಕೆಡದಿರಲಿ ಎಂದು ಹಳೆಯ ಕಡತದ ಅಕ್ಷರಗಳನ್ನೇ ಉಳಿಸಿಕೊಂಡರು. 24ರ ಮಿತಿ ಸಡಿಲವಾಯಿತು, ಅಕ್ಷರಗಳ ಮಿತಿ ನಿಂತಿತು. ಈಗ ಕನ್ನಡ ಲಿಪಿಯಲ್ಲೇ ‘.ಭಾರತ’ ಎಂಬ ಡೊಮೈನ್ ಇದೆ. ಅದರಿಂದ ಕೊನೆಯಾಗುವ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ಸಾಕು, ತಾಣ ತೆರೆಯುತ್ತದೆ. ಆದರೆ ಬ್ರೌಸರು ಹೆಸರನ್ನು ಕಳಿಸುವ ಮುನ್ನ ‘.ಭಾರತ’ವನ್ನು ‘ಎಕ್ಸ್‌ಎನ್’, ಎರಡು ಅಡ್ಡಗೆರೆ, ‘2ಎಸ್‌ಸಿಆರ್‌ಜೆ9ಸಿ’ ಎಂದು ಮಾರ್ಪಡಿಸಿಕೊಳ್ಳುತ್ತದೆ. ಜಾಲದ ಪಟ್ಟಿಯಲ್ಲಿ ಇರುವುದು ಈ ರೂಪವೇ. 2003ರಲ್ಲಿ ಈ ಮಾರ್ಪಾಟಿನ ವಿಧಾನವನ್ನು ನಿಗದಿ ಮಾಡಿದವರು ಜಾಣ್ಮೆಯ ಕೆಲಸವನ್ನೇ ಮಾಡಿದ್ದಾರೆ. ಪಟ್ಟಿ ಬರೆದವರ ಮೇಲೂ ನನಗೆ ದೂರಿಲ್ಲ. ಅವರ ಮುಂದಿದ್ದ ಯಂತ್ರಗಳಿಗೆ ಬೇರೆ ಲಿಪಿ ಗೊತ್ತಿರಲಿಲ್ಲ. ಆದರೂ ಗ್ರಂಥಾಲಯ ವಿಜ್ಞಾನ ಓದುವ ನಮ್ಮ ಹುಡುಗ ಹುಡುಗಿಯರು ಮೆನ್ಲೊ ಪಾರ್ಕಿನ ಆ ಕಡತವನ್ನು ಒಮ್ಮೆ ಪಾಠವಾಗಿ ಓದಬೇಕು, ಅದರ ನಿಯಮ ಕನ್ನಡದ ಹೆಸರಿನವರೆಗೆ ಹೇಗೆ ಬಂದು ತಲುಪಿತು ಎಂಬುದನ್ನೂ ಸೇರಿಸಿ.